ಹುಲ್ಲು ಕೊಯ್ಯುವ ಗಾಡಿಯ ತಾತ

"ಇವತ್ತು ಏನೂ ಇಲ್ಲ."

ಫೋನಿನ ಆ ಕಡೆಯಿಂದ ಹೋಕಾನ್ ಇಷ್ಟೇ ಹೇಳಿ ಸುಮ್ಮನಾದ. ಮಾರ್ಗಿಟ್ ಪೆನ್ನು ಹಿಡಿದು ಕಾದಳು. ಕಿಟಕಿಯಾಚೆ ನವೆಂಬರಿನ ಕತ್ತಲು, ಬೆಳಗಾಗುವ ಲಕ್ಷಣವೇ ಇರಲಿಲ್ಲ.

"ಏನೂ ಅಂದ್ರೆ ಏನೂ ಇಲ್ವಾ? ಕೊಳೆತ ಸೇಬು ತಿಂದು ಅಮಲೇರಿದ ಕಡವೆ ಒಂದಾದ್ರೂ ಇರ್ಬೇಕಲ್ಲ."

"ಎರಡು ಕಾರು ಮಂಜಲ್ಲಿ ಜಾರಿವೆ. ಯಾರಿಗೂ ಪೆಟ್ಟಿಲ್ಲ. ಬರ್ಕೊಳ್ಳಿ."

"ಜಾರಿದ ಕಾರಿಗೆ ಪ್ರಾಸ ಸಿಗುತ್ತೆ ಸಾಹೇಬ್ರೇ, ನಗು ಸಿಗಲ್ಲ."

"ನಗು ನಿಮ್ಮ ಇಲಾಖೆ," ಎಂದು ಅವನು ಫೋನ್ ಇಟ್ಟುಬಿಟ್ಟ.

ಸ್ವೀಡನ್ನಿನ ಆ ಕರಾವಳಿ ಊರಿನ ಪತ್ರಿಕೆಗೆ ಮಾರ್ಗಿಟ್ ದಿನಕ್ಕೊಂದು ನಗೆಪದ್ಯ ಬರೆಯುತ್ತಿದ್ದಳು. ವಿಚಿತ್ರ ಸುದ್ದಿಗಳೇ ಅವಳ ಬಂಡವಾಳ. ಬೆಳಿಗ್ಗೆ ಪೊಲೀಸರಿಗೆ, ಅಗ್ನಿಶಾಮಕದವರಿಗೆ ಫೋನ್ ಮಾಡಿ ಏನಾಯ್ತು ಎತ್ತ ಅಂತ ವಿಚಾರಿಸುವುದು ಪತ್ರಿಕೆಯ ಹಳೇ ಪದ್ಧತಿ. ಬೇರೆಯವರಿಗೆಲ್ಲ ಅದು ತಲೆನೋವಿನ ಕೆಲಸ. ಮಾರ್ಗಿಟ್ ಮಾತ್ರ ಅದನ್ನು ತಾನೇ ಕೇಳಿ ಇಸಿದುಕೊಂಡಿದ್ದಳು. ಕಾರಣ ಹೋಕಾನ್.

ಪಕ್ಕದ ಪಟ್ಟಣದ ಠಾಣೆಯಲ್ಲಿ ಪತ್ರಿಕೆಯವರಿಗೆ ಉತ್ತರ ಕೊಡುವವನು ಅವನು. ವರ್ಷಗಟ್ಟಲೆ ಮಾತಾಡಿದರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ತನ್ನ ಮನೆಗೇ ಕಿಟಕಿ ಒಡೆದು ನುಗ್ಗಿ ಸಿಕ್ಕಿಕೊಂಡ ಮರೆಗುಳಿ, ಗಂಟೆಗೋಪುರಕ್ಕೆ ಬೀಗ ಬಿದ್ದು ಒಳಗುಳಿದು ಊರಿಗೆಲ್ಲ ಕೇಳುವಂತೆ ಗಂಟೆ ಬಾರಿಸಿದ ಪಾದ್ರಿ, ಇಂಥವನ್ನೆಲ್ಲ ಅವಳಿಗೆಂದೇ ಎತ್ತಿಟ್ಟುಕೊಂಡಿರುತ್ತಿದ್ದ. ಮಾರನೇ ದಿನ ಪದ್ಯ ಓದಿ, ಕಾಫಿ ಹೊತ್ತಿಗೆ ಫೋನ್ ಮಾಡುತ್ತಿದ್ದ. ಏನೂ ಹೇಳುತ್ತಿರಲಿಲ್ಲ. ನಗುತ್ತಿದ್ದ, ಅಷ್ಟೇ.

ಆ ನಗುವಿಗೆ ಮಾರ್ಗಿಟ್ ಸೋತುಹೋಗಿದ್ದಳು. ಐವತ್ತು ದಾಟಿದ ಹೆಂಗಸು ಹದಿನಾರರವಳಂತೆ ಫೋನಿನ ಮುಂದೆ ಕೂದಲು ಸರಿಮಾಡಿಕೊಳ್ಳುವುದೆಂದರೆ ಏನು ಹೇಳೋಣ. ನಿಜಕ್ಕೂ ಅವಳಿಗೆ ಪದ್ಯ ಬರೆದು ಬರೆದು ಸಾಕಾಗಿತ್ತು. ಪ್ರಾಸ ಹುಡುಕುವಾಗ ಹಲ್ಲು ನೋಯುತ್ತಿತ್ತು. ಆದರೂ ಬರೆಯುತ್ತಿದ್ದಳು, ಕಾಫಿ ಹೊತ್ತಿಗೆ ಆ ಫೋನ್ ಬರಲಿ ಅಂತ.

ಈ ವಾರ ಅದು ಬರಲಿಲ್ಲ. ಮೂರನೇ ಬೆಳಿಗ್ಗೆ ಫೋನ್ ಎತ್ತಿದವಳು ಅವನ ಜೊತೆ ಕೆಲಸ ಮಾಡುವ ಬಿರ್ಗಿತ್ತಾ.

"ಹೋಕಾನ್ ರಜಾ ಹಾಕಿದಾರೆ. ನಿಮಗೆ ಗೊತ್ತಿಲ್ವಾ? ಆ ಹುಲ್ಲು ಕೊಯ್ಯೋ ಗಾಡಿ ತಾತ ಇದ್ರಲ್ಲ, ಅವರು ಇವರ ಅಪ್ಪ."

ಮಾರ್ಗಿಟ್ ಪೆನ್ನು ಕೆಳಗಿಟ್ಟಳು. ಕಳೆದ ವಾರ ಹೋಕಾನ್ ರಾಜಧಾನಿಗೆ ತರಬೇತಿಗೆ ಹೋಗಿದ್ದಾಗ, ಅಂಗಳದ ಹುಲ್ಲು ಕತ್ತರಿಸುವ ಪುಟ್ಟ ಗಾಡಿಯ ಮೇಲೆ ಕೂತು ರಸ್ತೆಗಿಳಿದ ಮುದುಕನ ಸುದ್ದಿ ಕೊಟ್ಟವಳು ಇದೇ ಬಿರ್ಗಿತ್ತಾ. ಪದ್ಯದಲ್ಲಿ ಯಾರ ಹೆಸರೂ ಹಾಕುವ ವಾಡಿಕೆಯಿಲ್ಲವಾದ್ದರಿಂದ ಹೆಸರನ್ನು ಇವಳು ಕೇಳಲಿಲ್ಲ, ಅವಳು ಹೇಳಲಿಲ್ಲ. ಯಾರೋ ಒಬ್ಬ ಮುದುಕ ಎಂದುಕೊಂಡು ಮಾರ್ಗಿಟ್ ಬರೆದಿದ್ದಳು:

ಹುಲ್ಲು ಕೊಯ್ಯೊ ಗಾಡಿ ಹತ್ತಿ ತಾತ ರೋಡಿಗಿಳಿದನು,
ಹಿಂದೆ ಸಾಲು ಸಾಲು ಕಾರು, ರಾಜನಂತೆ ನಡೆದನು.
"ಎತ್ತ ತಾತ ಈ ಸವಾರಿ?" ಅಂತ ಪೊಲಿಸು ಕೇಳಲು,
"ಕಾದ ಹುಡುಗಿ ಬೈದರಲ್ಲಿ ನೀನು ಬರ್ತ್ಯ ತಾಳಲು?"

ಹುಡುಗಿಯ ಮಾತು ಅವಳದೇ ಕಲ್ಪನೆ. ಊರೆಲ್ಲ ನಕ್ಕಿತ್ತು. ಸಂಪಾದಕರು ಬೆನ್ನು ತಟ್ಟಿದ್ದರು. ಈಗ ಬಿರ್ಗಿತ್ತಾಳಿಂದ ಹೋಕಾನನ ವಿಳಾಸ ಕೇಳಿಕೊಂಡು ಮಧ್ಯಾಹ್ನದ ಬಸ್ಸು ಹತ್ತಿದಳು. ಅವನು ಬಾಗಿಲು ತೆಗೆಯದಿದ್ದರೆ ಬೆಳಗಿನ ಆ ಫೋನನ್ನು ಇನ್ನು ಬೇರೆಯವರೇ ಮಾಡಲಿ, ತನ್ನಿಂದಾಗದು, ಎಂದು ದಾರಿಯುದ್ದಕ್ಕೂ ಅಂದುಕೊಂಡಳು.

ಬಾಗಿಲು ತೆರೆದವನು ಎತ್ತರದ ಆಳು. ಗಡ್ಡ ಬಿಟ್ಟಿದ್ದ, ಕಣ್ಣ ಕೆಳಗೆ ಕಪ್ಪು. ಅಂಗಿಯ ಮೇಲೆ ಗಂಜಿ ಬಿದ್ದಿತ್ತು.

"ನಾನು..." ಎಂದಳು.

"ಗೊತ್ತಾಯ್ತು." ಅವಳ ದನಿಯನ್ನು ಅವನು ಎಲ್ಲಿದ್ದರೂ ಗುರುತಿಸುತ್ತಿದ್ದ. "ಫೋನಲ್ಲಿ ಇನ್ನೂ ಎತ್ತರ ಇದ್ರಿ."

"ಫೋನಲ್ಲಿ ನಿಮ್ಮ ಅಂಗಿ ಶುಭ್ರವಾಗಿತ್ತು."

ಅವನ ತುಟಿಯ ಒಂದು ಕೊನೆ ಅಲುಗಿತು, ಅಲ್ಲೇ ನಿಂತಿತು. ಅವಳು ತಲೆ ತಗ್ಗಿಸಿದಳು. "ತಪ್ಪಾಯ್ತು ಹೋಕಾನ್. ನಿಮ್ಮಪ್ಪ ಅಂತ ಗೊತ್ತಿರ್ಲಿಲ್ಲ."

"ಬೇರೆಯವರ ಅಪ್ಪ ಆಗಿದ್ರೆ ಸರಿ ಇತ್ತಾ?"

ಅವಳು ಹೊರಡಲು ತಿರುಗಿದಳು. ಅಷ್ಟರಲ್ಲಿ ಒಳಗಿನಿಂದ ಒಂದು ಗಟ್ಟಿ ದನಿ ಕೇಳಿತು.

"ಯಾರೋ ಅದು? ಬಾಗಿಲಲ್ಲಿ ನಿಲ್ಲಿಸ್ಕೊಂಡು ಮಾತಾಡಿಸ್ತೀಯಲ್ಲ, ಮರ್ಯಾದೆ ಬೇಡ್ವಾ?"

ಅಡುಗೆಮನೆಯಲ್ಲಿ ಎವರ್ಟ್ ತಾತ ಕೋಟು, ಟೋಪಿ ಹಾಕಿಕೊಂಡು ಹೊರಡಲು ಸಿದ್ಧವಾಗಿ ಕೂತಿದ್ದ. ಫ್ರಿಜ್ಜಿನ ಮೇಲೆ ಪತ್ರಿಕೆಯ ಆ ಪದ್ಯ ಅಂಟಿಸಿತ್ತು. ಮಾರ್ಗಿಟ್‌ಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ನೋಡಿದ್ಯಾ ತಾಯಿ?" ತಾತ ಬೆರಳು ತೋರಿಸಿದ. "ಪೇಪರ್‌ನೋರಿಗೆ ಅರ್ಥ ಆಯ್ತು. ಪೊಲೀಸರು ಲೈಸೆನ್ಸ್ ಕೇಳ್ತಾರೆ, ಡಾಕ್ಟರು ಇವತ್ತು ಯಾವ ವಾರ ಅಂತ ಕೇಳ್ತಾರೆ. ಸಿಗ್ನೆ ಕಾಯ್ತಿದಾಳೆ ಅಂತ ಒಬ್ರಾದ್ರೂ ಬರೆದ್ರಲ್ಲ."

"ಸಿಗ್ನೆ ನನ್ನಮ್ಮ," ಎಂದ ಹೋಕಾನ್ ಮೆಲ್ಲಗೆ. "ದ್ವೀಪಕ್ಕೆ ಹೋಗೋ ದೋಣಿಯಲ್ಲಿ ಅಡುಗೆ ಮಾಡ್ತಿದ್ಲು. ಸಂಜೆ ದೋಣಿಗೆ ಅಪ್ಪ ಹೋಗಿ ಕರ್ಕೊಂಡು ಬರ್ತಿದ್ದ. ಅವಳು ತೀರ್ಕೊಂಡು ಆರು ವರ್ಷ ಆಯ್ತು. ಕಾರಿನ ಕೀಲಿ ನಾನು ಬಚ್ಚಿಟ್ಟೆ, ಇವನು ಹುಲ್ಲಿನ ಗಾಡಿ ಹತ್ತಿದ."

ಮಾರ್ಗಿಟ್ ಕುರ್ಚಿ ಹುಡುಕಿ ಕೂತಳು.

"ಹೊತ್ತಾಯ್ತು," ಎಂದು ತಾತ ಎದ್ದ.

"ಅಪ್ಪ, ದಿನಾ ಇದೇ ಆಯ್ತಲ್ಲ. ಬೇಡಪ್ಪ, ಕೂತ್ಕೋ." ಹೋಕಾನ್ ದನಿಯಲ್ಲಿ ಸಿಟ್ಟು ಕೂಡ ಉಳಿದಿರಲಿಲ್ಲ. ಅಷ್ಟು ದಣಿದಿದ್ದ.

"ಕರ್ಕೊಂಡು ಹೋಗೋಣ," ಎಂದಳು ಮಾರ್ಗಿಟ್.

"ಹೋಗಿ? ದೋಣಿಯಿಂದ ಯಾರೂ ಇಳಿಯಲ್ಲ, ಮಾರ್ಗಿಟ್."

"ಕೂತ್ಕೋ ಅಂದ್ರೆ ಕೂತ್ಕೊಳ್ತಾರಾ?"

ಅವನು ಅವಳನ್ನೇ ನೋಡಿದ. ಮೊದಲ ಸಲ ಪೂರ್ತಿ ನೋಡಿದ, ಒದ್ದೆ ಬೂಟಿನಿಂದ ಬಸ್ಸಿನಲ್ಲಿ ಕೆದರಿದ ಕೂದಲಿನವರೆಗೆ. ಅವಳ ಕೈ ತಂತಾನೇ ಕೂದಲಿಗೆ ಹೋಯಿತು. ಅವನು ಕಾರಿನ ಕೀಲಿ ಹುಡುಕಿದ. ಎಲ್ಲಿ ಬಚ್ಚಿಟ್ಟಿದ್ದೇನೆಂದು ಅವನಿಗೇ ಮರೆತುಹೋಗಿತ್ತು. ತಾತ ಸಕ್ಕರೆ ಡಬ್ಬಿ ತೋರಿಸಿದ.

ದೋಣಿಕಟ್ಟೆಯಲ್ಲಿ ನಾಲ್ಕು ಗಂಟೆಗೇ ದೀಪ ಹತ್ತಿತ್ತು. ಗಾಳಿ ಮುಖಕ್ಕೆ ರಾಚುತ್ತಿತ್ತು. ತಾತ ಕಂಬಿ ಹಿಡಿದು ಮುಂದೆ ನಿಂತ. ಅವರಿಬ್ಬರೂ ಕಾರಿಗೆ ಒರಗಿ ಹಿಂದೆ ನಿಂತರು.

"ನಾನು ಇನ್ನು ಬರೆಯಲ್ಲ," ಎಂದಳು ಮಾರ್ಗಿಟ್. "ಸುಸ್ತಾಗಿದೆ. ನಗಿಸೋಕೆ ಹೋಗಿ ನೋಯಿಸಿದೆ."

"ನನಗೆ ಕೋಪ ನಿಮ್ಮ ಮೇಲಲ್ಲ." ಹೋಕಾನ್ ಸಮುದ್ರ ನೋಡುತ್ತಾ ಹೇಳಿದ. "ತರಬೇತಿಯಿಂದ ವಾಪಸ್ ಬರ್ತಾ ರೈಲಲ್ಲಿ ಆ ಪದ್ಯ ಓದಿದೆ. ಬೋಗಿಯವರೆಲ್ಲ ತಿರುಗಿ ನೋಡೋ ಹಾಗೆ ನಕ್ಕೆ. ನಿಲ್ದಾಣದಲ್ಲಿ ಇಳಿದಾಗ ಬಿರ್ಗಿತ್ತಾ ಕಾಯ್ತಿದ್ಲು, ಆ ತಾತ ನಿಮ್ಮಪ್ಪ ಅಂತ ಆಗ ಹೇಳಿದ್ಲು, ಫೋನಲ್ಲಿ ಹೇಳೋಕೆ ಅವಳಿಗೆ ಮನಸ್ಸು ಬರ್ಲಿಲ್ವಂತೆ. ಬೇರೆಯವರ ಅಪ್ಪ ಅಂದ್ಕೊಂಡು ನಕ್ಕವನು ನಾನೇ. ಆಮೇಲೆ ನಗೋಕೇ ಹೆದರಿಕೆ ಆಯ್ತು."

ಅವಳು ಕೈಗವಸು ಕಳಚಿ ಅವನ ತಣ್ಣನೆಯ ಕೈ ಹಿಡಿದಳು.

"ಇನ್ನೊಂದು ವಿಷಯ," ಎಂದ. "ರೈಲಲ್ಲಿ ನಗು ಬಂದಾಗ ಮೊದಲು ಅನ್ಸಿದ್ದು, ಅಯ್ಯೋ, ಮಾರ್ಗಿಟ್‌ಗೆ ಫೋನ್ ಮಾಡ್ಬೇಕು ಅಂತ. ನನಗೆ ಏನೇ ಆದ್ರೂ ಮೊದಲು ಅದೇ ಅನ್ಸುತ್ತೆ. ಅಪ್ಪನ ವಿಷಯ ಗೊತ್ತಾದಾಗಲೂ ಹಾಗೇ ಅನ್ಸಿತು. ಅದನ್ನೇ ಮಾಡೋ ಹಾಗಿರ್ಲಿಲ್ಲ."

"ಮಾಡ್ಬೇಕಿತ್ತು."

"ಅತ್ಬಿಡ್ತಿದ್ದೆ."

"ಅಳಬಹುದಿತ್ತು. ನಿಮ್ಮ ನಗು ಕೇಳೋಕೆ ಅಂತ ಎಷ್ಟೋ ವರ್ಷದಿಂದ ದಿನಾ ಪ್ರಾಸ ಕುಟ್ಟಿದೀನಿ ಹೋಕಾನ್. ಅಳು ಕೇಳೋಕೆ ಅಷ್ಟೊಂದು ಕಷ್ಟ ಏನಿಲ್ಲ. ಪ್ರೀತಿ ಇದೆ ನನಗೆ, ಅದನ್ನ ಇನ್ನು ಹೇಗೆ ಹೇಳಲಿ."

ಅವನು ಅವಳ ಕೈಯನ್ನು ತನ್ನ ಕೋಟಿನ ಜೇಬಿಗೆ ಹಾಕಿಕೊಂಡ.

ದೋಣಿ ಬಂತು. ಇಬ್ಬರು ಶಾಲೆ ಮಕ್ಕಳು, ಸೈಕಲ್ ತಳ್ಳಿಕೊಂಡು ಒಬ್ಬ ಬಡಗಿ ಇಳಿದರು. ಅಷ್ಟೇ ಜನ. ಹಲಗೆ ಮೇಲೆತ್ತುವ ತನಕ ತಾತ ಕಾದ. ಟೋಪಿ ತೆಗೆದು, ಮತ್ತೆ ಹಾಕಿಕೊಂಡು, ನಿಧಾನವಾಗಿ ಹಿಂದೆ ಬಂದ. ಪ್ರತಿ ಸಂಜೆ ಮನೆಯಲ್ಲಿ ಈ ಹೊತ್ತಿಗೇ ತಾತ ರೇಗುತ್ತಿದ್ದುದು.

ತಾತ ರೇಗಲಿಲ್ಲ. ಮಗನ ಜೇಬಿನೊಳಗಿದ್ದ ಆ ಇನ್ನೊಂದು ಕೈಯನ್ನು ನೋಡಿದ. ಮಾರ್ಗಿಟ್ ಮುಖ ನೋಡಿದ.

"ನನ್ನವಳು ಇವತ್ತು ಬರ್ಲಿಲ್ಲ ಕಣೋ," ಎಂದ. "ನಿನ್ನವಳು ಬಂದಿದಾಳಲ್ಲ. ಚಳೀಲಿ ನಿಲ್ಲಿಸ್ಬೇಡ, ನಡಿ ಮನೆಗೆ."

ಹೋಕಾನ್‌ಗೆ ನಗು ಬಂತು, ಅದರ ಜೊತೆಗೇ ಅಳುವೂ ಬಂತು. ಮಾರ್ಗಿಟ್ ಕೈ ಬಿಡಲಿಲ್ಲ. ತಾತ ತಾನೇ ಹಿಂದಿನ ಬಾಗಿಲು ತೆಗೆದು ಕೂತು, ಮುಂದಿನ ಸೀಟನ್ನು ಅವಳಿಗೆ ಬಿಟ್ಟ.