ಸಾಕ್ರಟೀಸನಿಗೆ ಹೇಳಿಕೊಟ್ಟವರು

ನಿಜಾಮರ ಕಾಲದಲ್ಲಿ, ನಾರಾಯಣಖೇಡದ ತೊಗರಿ ಗೋದಾಮಿನಲ್ಲಿ ನಾಟಕವಾಡಿಸಿದಾಗ ನನಗೇ ಆದದ್ದು ಇದು. ಸಾಕ್ರಟೀಸನ ಮೇಲೆ ನಾಟಕ ಬರೆದವನು ನಾನು; ಪಾತ್ರ ಮಾತ್ರ ಕುರಿಗಾರರ ಮಾಳಿಂಗಪ್ಪನ ಪಾಲಾಯಿತು. ಮನೆಯ ಕಂಬಳಿಯನ್ನೇ ಹೊದ್ದು ಅವನು ನಿಂತರೆ ಜನ ನನ್ನನ್ನು ಮರೆಯುತ್ತಿದ್ದರು. ನನಗೆ ಉಳಿದದ್ದು ರಂಗದ ಬಲಬದಿಯ ಪರದೆಯ ಹಿಂದೆ ನಿಂತು, ಮರೆತ ಮಾತನ್ನು ಪಿಸುಗುಟ್ಟಿ ನೆನಪಿಸುವ ಕೆಲಸ.

ಆ ಮಧ್ಯಾಹ್ನ ತಗಡಿನ ಮಾಡು ಕಾದಿತ್ತು. ವಿಷ ಕುಡಿಯುವ ದೃಶ್ಯದಲ್ಲಿ ಮಾಳಿಂಗಪ್ಪ ಮಾತು ಮರೆತು ನನ್ನತ್ತ ನೋಡಿದ. ನಾನು ಬೇಕೆಂದೇ ತುಟಿ ಬಿಗಿಹಿಡಿದೆ. ಎಲ್ಲರೆದುರು ಅವನು ತಡವರಿಸುವುದನ್ನು ನನಗೆ ನೋಡಬೇಕಿತ್ತು. ನನ್ನ ಕೈಯಲ್ಲಿದ್ದ ಹಾಳೆಗಳು ಒಮ್ಮೆಲೇ ತಣ್ಣಗಾದವು. ಅವನು ಎಡಕ್ಕೆ ತಲೆ ವಾಲಿಸಿ ಏನನ್ನೋ ಆಲಿಸಿದ. ಆಮೇಲೆ ಒಂದಕ್ಷರ ತಪ್ಪದೆ ಹೇಳಿದ. ಜನ ಅತ್ತರು.

ನಾಟಕ ಮುಗಿದ ಮೇಲೆ ಬಂದು ನನ್ನ ಕೈ ಹಿಡಿದ. "ಮಾಸ್ತರ್ರ, ನೀವು ಹೇಳಿಕೊಡಲಿಲ್ಲಂದ್ರ ನನ್ನ ಇಜ್ಜತ್ ಹೋಗ್ತಿತ್ತು ನೋಡ್ರಿ. ಆದ್ರ ಕಿವಿಗೆ ಅಷ್ಟು ಸನೇಕ ಯಾಕ ಬಂದ್ರಿ? ನಿಮ್ಮ ಉಸಿರು ಬರಫ್ ಇದ್ದಂಗ ತಣ್ಣಗಿತ್ತು. ಕಂಬಳಿ ಹೊದ್ರೂ ನಡುಕ ಬಂತು!"

"ಯಾವ ಕಡಿಂದ ಕೇಳ್ತು?" ಎಂದೆ.

"ಈ ಕಡಿಂದ್ರಿ," ಎಂದು ಎಡಗಿವಿ ಮುಟ್ಟಿಕೊಂಡ. "ನಿಮ್ದೇ ದನಿ."

ರಂಗದ ಎಡಬದಿಯಲ್ಲಿ ಮಾಡಿನವರೆಗೆ ತೊಗರಿ ಚೀಲ ಒಟ್ಟಿದ್ದರು. ಒಬ್ಬ ಮನುಷ್ಯ ನಿಲ್ಲುವಷ್ಟೂ ಜಾಗವಿರಲಿಲ್ಲ.

ನಾನು ಸುಮ್ಮನಿದ್ದೆನೆಂದು ಅವನಿಗೆ ಇವತ್ತಿಗೂ ಹೇಳಿಲ್ಲ. ಮರುದಿನದಿಂದ ಆ ಕಿವಿ ಅವನಿಗೆ ಕೇಳುವುದಿಲ್ಲ.