ಕೂಪನ್ನಿನ ಸರಪಳಿ

ಭೀಮನಬೀಡಿನ ಸೇದುವ ಬಾವಿಗೆ ಆ ಬೆಳಗ್ಗೆ ಮೊದಲು ಕೊಡ ಇಳಿಸಿದವಳು ರಾಚಮ್ಮ. ಕೊಡ ಮುಳುಗಲಿಲ್ಲ. ಏನೋ ಮೆತ್ತಗಿನದಕ್ಕೆ ತಗುಲಿ ಪಕ್ಕಕ್ಕೆ ವಾಲಿತು. ರಾಚಮ್ಮ ಕಟ್ಟೆಯ ಮೇಲೆ ಬಗ್ಗಿ ನೋಡಿದಳು. ನೀರಿನ ಮೇಲೆ ಹರಡಿಕೊಂಡ ಕಂದು ಸೀರೆ ಕಂಡಿತು. ಹಗ್ಗ ಬಿಟ್ಟು ಚೀರಿದಳು.

ಗುಂಡ್ಲುಪೇಟೆಯಿಂದ ಸಬ್ ಇನ್ಸ್‌ಪೆಕ್ಟರ್ ಗಂಗಾಧರಸ್ವಾಮಿ ಬರುವಷ್ಟರಲ್ಲಿ ಹೆಣವನ್ನು ಮೇಲೆತ್ತಿ ಚಾಪೆಯ ಮೇಲೆ ಮಲಗಿಸಿದ್ದರು. ಸತ್ತವಳು ಚಿಕ್ಕಮಲ್ಲಮ್ಮ. ಗಂಡ ಸತ್ತ ಮೇಲೆ ಕೈಹೊಲಿಗೆಯಲ್ಲಿ ಕುಬುಸ ಹೊಲಿದು ಬದುಕುತ್ತಿದ್ದವಳು. ಊರಿನ ಅರ್ಧ ಹೆಂಗಸರನ್ನು 'ಸರಪಳಿ ಕೂಪನ್ನಿ'ಗೆ ಸೇರಿಸಿದವಳೂ ಅವಳೇ.

ಆ ಕೂಪನ್ನಿನ ಕಥೆ ಗಂಗಾಧರಸ್ವಾಮಿಗೆ ಗೊತ್ತಿತ್ತು. ಮದರಾಸಿನ ಕಂಪನಿ ಎಂದು ಹೇಳಿಕೊಂಡು ಟೋಪಿ ಹಾಕಿದವನೊಬ್ಬ ಬಂದಿದ್ದ. ಹತ್ತು ರೂಪಾಯಿಗೆ ಒಂದು ಕೂಪನ್. ಕೊಂಡವಳು ಇನ್ನು ನಾಲ್ವರಿಗೆ ಮಾರಬೇಕು. ಆ ನಾಲ್ವರು ತಲಾ ನಾಲ್ವರಿಗೆ. ಸರಪಳಿ ತುಂಬಿದರೆ ಹೊಲಿಗೆ ಮಿಷಿನ್ನು ಮನೆ ಬಾಗಿಲಿಗೆ. ಸುಗ್ಗಿಯಲ್ಲಿ ಬಂದವನು ಮುಂಗಾರಿಗೆ ಮಾಯವಾಗಿದ್ದ. ಭೀಮನಬೀಡಿನಲ್ಲಿ ಮಿಷಿನ್ನು ಯಾರ ಬಾಗಿಲಿಗೂ ಬಂದಿರಲಿಲ್ಲ.

"ನಾವೇ ಬೈದು ಬೈದು ಸಾಯಿಸ್ಬುಟ್ವಿ ಸ್ವಾಮಿ," ಎಂದು ರಾಚಮ್ಮ ಎದೆ ಬಡಿದುಕೊಂಡಳು. "ಬೀದೀಲಿ ಓಗಂಗಿರ್ನಿಲ್ಲ ಅವ್ಳು. ಮಾನಕ್ಕಂಜಿ ಬಿದ್ದವ್ಳೆ."

"ಸಾಯಿಸಿದ್ದು ನೀವಲ್ಲ, ಆ ಮದರಾಸಿನ ಕಳ್ಳರು!" ಗುಂಪಿನಿಂದ ಒಂದು ದನಿ ಗುಡುಗಿತು. ಪುಟ್ಟಮಲ್ಲಪ್ಪ. ಭೀಮನಬೀಡಿನ ಜಮೀನುದಾರ, ಗುಂಡ್ಲುಪೇಟೆಯಲ್ಲಿ ಜವಳಿ ಅಂಗಡಿ ಇಟ್ಟವನು. ಬಾವಿಯ ಎದುರಿಗೇ ಅವನ ಮನೆ, ಪಕ್ಕದಲ್ಲಿ ಕೊಟ್ಟಿಗೆ. ಅವನ ಕಣ್ಣು ಕೆಂಪಗಿತ್ತು. "ಅವರನ್ನ ಹಿಡೀರಿ ಸ್ವಾಮಿ. ಬಡವರ ಮನೆ ಹೆಣ್ಣುಮಕ್ಕಳ ಬಾಯಿಗೆ ಮಣ್ಣು ಹಾಕಿದ್ರು. ಎಂಥ ಮಿಷಿನ್ನೋ, ಕಪ್ಪೋ ಕೆಂಪೋ, ನಾನಂತೂ ಕಣ್ಣಲ್ಲಿ ಕಂಡಿಲ್ಲ."

ಗಂಗಾಧರಸ್ವಾಮಿ ಗುಂಪನ್ನು ಹಿಂದಕ್ಕೆ ಸರಿಸಿದ. ಹೆಣದ ಪಕ್ಕ ಕುಕ್ಕರಗಾಲಲ್ಲಿ ಕೂತ. ತಲೆಯ ಹಿಂದೆ ಆಳವಾದ ಗಾಯ. ಸೀರೆಯ ಅಂಚು ಒಂದು ಕಡೆ ಹರಿದು, ಒಂದು ತುಂಡೇ ಇಲ್ಲ. ಬಲಗೈ ಬಿಡಿಸಿ ನೋಡಿದ. ಅಂಗೈಯೆಲ್ಲ ಕಪ್ಪು ಜಿಡ್ಡು. ಉಗುರಿನ ಸಂದಿಯಲ್ಲೂ ಜಿಡ್ಡು. ಬೆರಳಿಗೆ ಒರೆಸಿಕೊಂಡು ಮೂಸಿದ. ಅಡುಗೆ ಎಣ್ಣೆಯಲ್ಲ, ಗಾಡಿಯ ಕೀಲೆಣ್ಣೆಯೂ ಅಲ್ಲ. ತೆಳ್ಳಗಿನ ಮಿಷಿನ್ ಎಣ್ಣೆ. ಬಾವಿಯ ನೀರು ಅದನ್ನು ತೊಳೆದಿರಲಿಲ್ಲ.

"ಈ ಊರಲ್ಲಿ ಯಾರ ಮನೇಲಾದ್ರೂ ಹೊಲಿಗೆ ಮಿಷಿನ್ ಇದೆಯಾ?" ಎಂದು ರಾಚಮ್ಮನನ್ನು ಮೆಲ್ಲಗೆ ಕೇಳಿದ.

"ಇದ್ದಿದ್ರೆ ಕೂಪನ್ ಯಾಕ್ ತಕ್ಕತಿದ್ವಿ ಸ್ವಾಮಿ?"

ಅವನಿಗೆ ಕೋಪ ನೆತ್ತಿಗೇರಿತು. ಎಣ್ಣೆಯ ವಿಷಯವನ್ನು ಯಾರಿಗೂ ಹೇಳದೆ ಎದ್ದ.

* * *

ಠಾಣೆಗೆ ಬಂದರೆ ಅಲ್ಲಿ ಕೊಲೆಗಾರ ಆಗಲೇ ಸಿಕ್ಕಿಬಿಟ್ಟಿದ್ದ. ಹಾಗೆಂದು ಕಾನ್‌ಸ್ಟೇಬಲ್ ಚಿಕ್ಕಣ್ಣನ ನಂಬಿಕೆ.

"ಕೂಲಿಯವ್ನು ಪುಟ್ಟಮಾದಯ್ಯ ಸಾರ್. 'ನಿನ್ನ ಬಾವಿಗೆ ಎತ್ತಾಕ್ತೀನಿ' ಅಂತ ಸಂತೇಲಿ ಕೂಗಾಡಿದ್ನಂತೆ. ಎಳ್ಕಂಡ್ ಬಂದೆ."

ಪುಟ್ಟಮಾದಯ್ಯ ಗೋಡೆಗೆ ಒರಗಿ ಕೂತಿದ್ದ. ತುಟಿ ಒಡೆದಿತ್ತು. ಚಿಕ್ಕಣ್ಣ ಆಗಲೇ ಕೈ ಮಾಡಿದ್ದ.

"ಅಂದಿದ್ದು ದಿಟ ಬುದ್ದಿ," ಎಂದ. "ನನ್ ಎಂಡ್ರು ಮಂಗಿ ಕಾಲ್ಕಡಗ ಮಾರಿ ಕೂಪನ್ ತಕ್ಕಂಡ್ಳು. ಒಟ್ಟೆ ಉರಿಗೆ ಅಂದೆ. ಸಾಯ್ಸೋದು ಉಂಟಾ?"

"ಕೈ ತೋರ್ಸು."

ಬಲಗೈಗೆ ಬಾಳೆಲೆ ಸುತ್ತಿ ಬಟ್ಟೆ ಕಟ್ಟಿದ್ದರು. ಗಂಗಾಧರಸ್ವಾಮಿ ಅದನ್ನು ಬಿಚ್ಚಿಸಿದ. ಆಲೆಮನೆಯಲ್ಲಿ ಬೆಲ್ಲದ ಪಾಕ ಬಿದ್ದು ಮೊಣಕೈವರೆಗೆ ಬೊಬ್ಬೆ ಎದ್ದಿತ್ತು. ತಂಬಿಗೆ ಎತ್ತಲಾರದ ಕೈ ಅದು. ಆ ಬಾವಿಯ ಕಟ್ಟೆ ಎದೆಯೆತ್ತರ. ಅದರ ಮೇಲೆ ಒಂದು ಹೆಣವನ್ನು ಎತ್ತಿ ಹಾಕುವುದು ಇವನಿಂದಾಗದು.

ಅಷ್ಟರಲ್ಲಿ ಆಸ್ಪತ್ರೆಯಿಂದ ಡಾಕ್ಟರು ಹೇಳಿ ಕಳಿಸಿದರು. ಚಿಕ್ಕಮಲ್ಲಮ್ಮನ ಎದೆಯಲ್ಲಿ ನೀರಿಲ್ಲ. ನೀರಿಗೆ ಬೀಳುವ ಮೊದಲೇ ಉಸಿರು ನಿಂತಿದೆ.

ಗಂಗಾಧರಸ್ವಾಮಿ ಚಿಕ್ಕಣ್ಣನ ಕಡೆ ತಿರುಗಿದ. "ಇವನ್ನ ಯಾಕ್ಲಾ ಹೊಡ್ದೆ?"

"ಬಾಯಿ ಬಿಡ್ಲಿ ಅಂತ ಸಾರ್..."

"ಅಂಗಡಿ ಇಟ್ಟವನು ಕೂಗಾಡಿದ್ರೆ ನ್ಯಾಯ, ಕೂಲಿಯವನು ಕೂಗಾಡಿದ್ರೆ ಕೊಲೆ. ಅಲ್ವಾ? ಹೋಗಿ ಅವನಿಗೆ ಕಾಫಿ ತಂದ್ಕೊಡು. ನಿನ್ನ ಕಾಸಲ್ಲಿ."

* * *

ಮಾರನೆಯ ದಿನ ಚಾಮರಾಜನಗರಕ್ಕೆ ಬಸ್ಸು ಹತ್ತಿ, ಅಲ್ಲಿಂದ ಚಂದಕವಾಡಿಗೆ ಹೋದ. ಅವನ ಅಕ್ಕ ಶಾಂತಮಲ್ಲಮ್ಮನನ್ನು ಕೊಟ್ಟಿದ್ದು ಆ ಊರಿಗೆ. ಅವಳೂ ಕೂಪನ್ ಕೊಂಡವಳು.

ಅಕ್ಕ ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಕೂಪನ್ನಿನ ಮಾತೆತ್ತುತ್ತಲೇ ಮುಖ ಬಿಗಿಯಿತು.

"ಬಯ್ಯಕೆ ಬಂದ್ಯಾ? ಬೈದ್ಬುಡು."

"ಲೆಕ್ಕ ಹಾಕಿದ್ರೆ ಗೊತ್ತಾಗ್ತಿತ್ತಲ್ಲಕ್ಕ. ಒಬ್ಬರಿಗೆ ನಾಲ್ವರು, ಅವರಿಗೆ ಹದಿನಾರು. ಏಳೆಂಟು ಸುತ್ತು ಬಂದ್ರೆ ತಾಲ್ಲೂಕಿನ ಹೆಂಗಸರೆಲ್ಲ ಮುಗೀತಾರೆ. ಆಮೇಲೆ ಮಾರೋದು ಯಾರಿಗೆ?"

"ಲೆಕ್ಕ ನಂಗೂ ಬತ್ತದೆ ಕಣಪ್ಪ!" ಅವಳು ಮೊರವನ್ನು ಪಕ್ಕಕ್ಕೆ ತಳ್ಳಿದಳು. "ನಿಂಗೆ ಸರ್ಕಾರ ತಿಂಗಳು ತಿಂಗಳು ಕೊಡ್ತದೆ. ನಾನು ಒಂದು ಕುಬುಸದ ಬಟ್ಟೆಗೂ ನಿಮ್ ಭಾವನ ಮುಖ ನೋಡ್ಬೇಕು. ಒಂದು ಮಿಷಿನ್ ಬಂದಿದ್ರೆ ನನ್ ಕೈಲೂ ಕಾಸಾಡ್ತಿತ್ತು. ಮೊದಲು ಸೇರ್ದೋರ್ಗೆ ಬಂದೇ ಬತ್ತದೆ ಅಂದ್ರು. ನಾನು ಮೊದಲ್ನೇ ಸಾಲು."

"ಹಿಂದಿನ ಸಾಲಿನವರಿಗೆ?"

ಅವಳು ಮೊರವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡಳು. ಸುಲಿದ ಕಾಳನ್ನೇ ಮತ್ತೆ ಸುಲಿಯುವಂತೆ ಬೆರಳಾಡಿಸಿದಳು.

"ನಂಬಿದ್ದಾದ್ರೂ ಹ್ಯಾಗೆ?"

"ಕಣ್ಣಾರೆ ಕಂಡ್ರೆ ನಂಬ್ದೆ ಇರಕಾಯ್ತದಾ? ಮೇಲಿನ ಬೀದಿ ಯಶೋದಮ್ಮನ್ಗೆ ಬಂತಲ್ಲ. ಜಗಲಿ ಮೇಲೆ ಇಟ್ಟು ಹೂ ಹಾಕಿದ್ರು. ಸುತ್ತೂರಿನೋರೆಲ್ಲ ಬಂದು ನೋಡ್ಕಂಡೋದ್ರು. ಆ ಸತ್ತೋದ ಚಿಕ್ಕಮಲ್ಲಮ್ಮನೂ ಬಂದಿದ್ಲು. ಹೊಲಿಗೆಯೋಳು ನೋಡು, ಹಲಗೆ ಮೇಲೆ ಕೈ ಸವರಿ, 'ಹೊಸ ಮಿಷಿನ್ಗೆ ಇಸ್ತ್ರಿಪೆಟ್ಟಿಗೆ ಸುಟ್ಟ ಕಲೆ ಯಾಕೆ' ಅಂದ್ಲು. ಟೋಪಿಯೋನು ನಕ್ಬುಟ್ಟ."

"ಈಗ ಅದು ಎಲ್ಲಿದೆ?"

"ಪಾಲಿಶ್ ಹಾಕಿಸ್ತೀವಿ ಅಂತ ತಕ್ಕಂಡೋದ್ರು. ಬರ್ನೇ ಇಲ್ಲ."

ಸುಟ್ಟ ಕಲೆ ಹೇಗಿತ್ತು ಎಂದು ಕೇಳಿದ. ಅಕ್ಕ ಇದ್ದಿಲಿನಿಂದ ನೆಲದ ಮೇಲೆ ಬರೆದು ತೋರಿಸಿದಳು. ಒಂದು ತುದಿ ಚೂಪು, ಅರಳಿ ಎಲೆಯಂತೆ.

* * *

ಅಕ್ಕ ಹೇಳಿದಂತೆ ಮಿಷಿನ್ನು ಬಂದ ಇನ್ನೊಂದು ಊರು ಪುಣಜನೂರು. ಕಾಡಿನ ಅಂಚಿನ ಆ ಊರಿನಲ್ಲಿ ಅದೃಷ್ಟ ಖುಲಾಯಿಸಿದವಳ ಹೆಸರು ಈರಮ್ಮ. ಪೊಲೀಸ್ ಉಡುಪು ಕಂಡದ್ದೇ ಅವಳು ಅಳತೊಡಗಿದಳು.

"ನಂಗೆ ಬಂದಿರ್ನಿಲ್ಲ ಸಾಮಿ. 'ಬಂತು ಅಂತ ಎಲ್ಲಾರ್ಗೂ ಏಳ್ಬುಡು, ಎಂಟು ದಿನ ಮನೇಲಿಟ್ಕ' ಅಂದ್ರು. ಒಂದು ಸೀರೆ ಕೊಟ್ರು. ಜನ ನೋಡಿ ಕೂಪನ್ ತಕ್ಕಂಡ್ರು. ಆಮೇಲೆ ಗಾಡೀಲಾಕಂಡ್ ಓದ್ರು."

"ಮಿಷಿನ್ನಿನ ಹಲಗೆ ಮೇಲೆ ಏನಾದ್ರೂ ಗುರುತಿತ್ತಾ?"

"ಸುಟ್ಟಿತ್ತು. ಅಳ್ಳಿ ಎಲೆ ತರ."

"ಗಾಡೀಲಿ ಬೇರೆ ಏನಿತ್ತು?"

"ಬಟ್ಟೆ ಮೂಟೆ ಸಾಮಿ. ಜವಳಿ ಮೂಟೆ."

ಗಂಗಾಧರಸ್ವಾಮಿ ಹೊರಗೆ ಬಂದು ನಿಂತ. ಊರೂರಿಗೆ ಒಂದೊಂದು ಮಿಷಿನ್ನು ಬಂದಿರಲಿಲ್ಲ. ಒಂದೇ ಮಿಷಿನ್ನು ಊರೂರು ಸುತ್ತಿತ್ತು. ಅದನ್ನು ತೋರಿಸಿ ತೋರಿಸಿ ಕಾಲ್ಕಡಗ, ಓಲೆ, ಮುಡುಪಿನ ಹಣ ಎಲ್ಲ ಬಾಚಿದ್ದರು. ಆದರೆ ಜವಳಿ ಮೂಟೆ ಯಾರ ಗಾಡಿಯಲ್ಲಾದರೂ ಇರಬಹುದು. ಅದೊಂದರಿಂದಲೇ ಒಬ್ಬನ ಕೊರಳಿಗೆ ಕೈ ಹಾಕುವಂತಿರಲಿಲ್ಲ.

* * *

ಮೂರನೆಯ ದಿನ ಮಧ್ಯಾಹ್ನ ಭೀಮನಬೀಡಿನ ಜನ ಬಾವಿಯ ಬಳಿ ಸೇರಿದರು. ಗಂಗಾಧರಸ್ವಾಮಿಯೇ ಸೇರಿಸಿದ್ದು. ಪುಟ್ಟಮಲ್ಲಪ್ಪ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಪುಟ್ಟಮಾದಯ್ಯ, ಅವನ ಹೆಂಡತಿ ಮಂಗಮ್ಮ ದೂರದಲ್ಲಿ ನಿಂತಿದ್ದರು.

"ಚಿಕ್ಕಮಲ್ಲಮ್ಮ ಬಾವಿಗೆ ಹಾರಲಿಲ್ಲ," ಎಂದ ಗಂಗಾಧರಸ್ವಾಮಿ. "ಸತ್ತ ಮೇಲೆ ಎತ್ತಿ ಹಾಕಿದ್ದಾರೆ."

ಜನರಲ್ಲಿ ಗುಜುಗುಜು ಎದ್ದಿತು.

"ಚಂದಕವಾಡೀಲಿ, ಪುಣಜನೂರಲ್ಲಿ ಮಿಷಿನ್ ಬಂತು ಅಂತ ತೋರಿಸಿದ್ರಲ್ಲ, ಅವೆರಡೂ ಒಂದೇ ಮಿಷಿನ್. ಅದೇ ಅವಳ ಪ್ರಾಣ ತೆಗೀತು."

ಪುಟ್ಟಮಲ್ಲಪ್ಪ ನಕ್ಕ. "ಅದೆಂಗಂತೀರಿ ಸ್ವಾಮಿ? ಹಲಗೆ ಮೇಲೆ ಇಸ್ತ್ರಿ ಸುಟ್ಟ ಕಲೆ ಯಾವ ಮಿಷಿನ್ಗಾದ್ರೂ ಇರ್ತದೆ. ಅಷ್ಟಕ್ಕೇ ಒಂದೇ ಅನ್ನಕಾಯ್ತದಾ?"

ಗಂಗಾಧರಸ್ವಾಮಿ ಅವನನ್ನೇ ನೋಡಿದ. ಎಲ್ಲರಿಗೂ ಕೇಳುವಂತೆ ಕೇಳಿದ:

"ಸುಟ್ಟ ಕಲೆ ಅಂತ ನಾನು ಅಂದ್ನಾ?"

ಪುಟ್ಟಮಲ್ಲಪ್ಪನ ನಗು ಅರ್ಧಕ್ಕೆ ನಿಂತಿತು.

"ಜನ... ಜನ ಆಡ್ಕೋತಿದ್ರು..."

"ಯಾರು? ಈ ಊರಿಂದ ಚಂದಕವಾಡಿಗೆ ಹೋಗಿ ಆ ಕಲೆ ನೋಡಿದವಳು ಒಬ್ಬಳೇ. ಅವಳು ಅದನ್ನ ಇಲ್ಲಿ ಯಾರಿಗೂ ಹೇಳಿರ್ಲಿಲ್ಲ, ವಿಚಾರಿಸಿದ್ದೀನಿ. ಅವಳು ಸತ್ತಿದ್ದಾಳೆ. ಕಪ್ಪೋ ಕೆಂಪೋ ಕಣ್ಣಲ್ಲಿ ಕಂಡಿಲ್ಲ ಅಂತ ಇದೇ ಜಾಗದಲ್ಲಿ ನಿಂತು ಅಂದವರು ನೀವು. ಚಿಕ್ಕಣ್ಣ, ಕೊಟ್ಟಿಗೆ ಬೀಗ ಒಡಿ."

"ಯಾರಪ್ಪನ ಕೊಟ್ಟಿಗೇಂತ..." ಪುಟ್ಟಮಲ್ಲಪ್ಪ ಎದ್ದ. ಅವನ ಮುಂದೆ ಹೆಂಗಸರು ಗೋಡೆಯಂತೆ ನಿಂತರು. ಯಾರೂ ಹೇಳಿರಲಿಲ್ಲ, ತಾವಾಗಿ ನಿಂತರು.

ಹುರುಳಿ ಹೊಟ್ಟಿನ ರಾಶಿಯ ಕೆಳಗೆ, ಜವಳಿ ಮೂಟೆಯ ಗೋಣಿ ಸುತ್ತಿ ಇಟ್ಟಿದ್ದರು. ಚಿಕ್ಕಣ್ಣ, ಪುಟ್ಟಮಾದಯ್ಯನ ಅಣ್ಣತಮ್ಮಂದಿರು ಸೇರಿ ಹೊರಗೆ ಹೊತ್ತು ತಂದರು. ಕಪ್ಪು ಮಿಷಿನ್ನು ಬಿಸಿಲಿಗೆ ಹೊಳೆಯಿತು. ಹಲಗೆಯ ಮೇಲೆ ಅರಳಿ ಎಲೆಯಂಥ ಕಲೆ. ಕೀಲುಗಳಿಗೆಲ್ಲ ಹೊಸದಾಗಿ ಎಣ್ಣೆ ಬಿಟ್ಟಿತ್ತು. ಕೆಳಗಿನ ಚಕ್ರದ ಸಂದಿಯಲ್ಲಿ ಕಂದು ಸೀರೆಯ ಅಂಚಿನ ತುಂಡೊಂದು ಸಿಕ್ಕಿಕೊಂಡಿತ್ತು.

ಗಂಗಾಧರಸ್ವಾಮಿ ವಿವರಿಸಿದ. ಕಂಪನಿ ಎಂಬುದೇ ಇರಲಿಲ್ಲ. ಗುಂಡ್ಲುಪೇಟೆಯ ಅಂಗಡಿ ಬೀದಿಯಲ್ಲಿ ವಿಚಾರಿಸಿದ್ದ; ಟೋಪಿಯವನು ಪುಟ್ಟಮಲ್ಲಪ್ಪನಿಗೆ ಕೊಯಮತ್ತೂರಿನಿಂದ ಜವಳಿ ತರುವ ದಲ್ಲಾಳಿ. ಇಲ್ಲಿನ ಸರಪಳಿ ಕಡಿದ ಮೇಲೆ ಗೂಡಲೂರು ಕಡೆ ಹೊಸದಾಗಿ ಶುರು ಮಾಡಲು ಮಿಷಿನ್ನಿಗೆ ಎಣ್ಣೆ ಹಾಕಿ ಸಿದ್ಧ ಮಾಡುತ್ತಿದ್ದರು. ಹೆಣ ಸಿಗುವ ಹಿಂದಿನ ಸಂಜೆ ಚಿಕ್ಕಮಲ್ಲಮ್ಮ ಊರಿನ ಬೈಗುಳ ತಾಳಲಾರದೆ ಇವನ ಬಳಿಗೇ ಬಂದಳು. ಊರ ದೊಡ್ಡ ಮನುಷ್ಯ, ಕಂಪನಿಗೆ ಒಂದು ಮಾತು ಹೇಳಿಸಲಿ ಎಂದು. ಕೊಟ್ಟಿಗೆಯ ಬಾಗಿಲು ತೆರೆದಿತ್ತು.

"ಮಿಷಿನ್ ಕಂಡು ಅದರ ಮುಂದೆ ಕೂತಳು. ಚಕ್ರದ ಮೇಲೆ ಕೈ ಇಟ್ಟಳು, ಎಣ್ಣೆ ಅಂಟ್ತು. ಆಮೇಲೆ ಕಲೆ ನೋಡಿದಳು. ಎಲ್ಲ ತಿಳೀತು. ಆಗ ಏನಂದಳು ಪುಟ್ಟಮಲ್ಲಪ್ಪನೋರೆ?"

ಅವನು ನೆಲ ನೋಡುತ್ತ ಹೇಳಿದ:

"ಈಗಲೇ ಊರೆಲ್ಲ ಕೂಗಿ ಕರೀತೀನಿ ಅಂದ್ಲು. ತಳ್ದೆ ಅಷ್ಟೇ. ಕಬ್ಬಿಣದ ಕಾಲು ತಲೆಗೆ ಬಡೀತು. ಕತ್ತಲಾದ್ಮೇಲೆ..." ಥಟ್ಟನೆ ತಲೆಯೆತ್ತಿ ಜನರ ಮೇಲೆ ಹಾಯ್ದ. "ನಾನೇನು ಯಾರ ಕುತ್ತಿಗೆ ಹಿಡಿದು ಕೂಪನ್ ಕೊಡಿಸಿದ್ನಾ? ಬಿಟ್ಟಿ ಮಿಷಿನ್ ಆಸೆಗೆ ನೀವಾಗಿ ಬಂದು ಬಿದ್ರಿ!"

ಮಂಗಮ್ಮ ಜನರನ್ನು ಸೀಳಿಕೊಂಡು ಬಂದಳು.

"ಬಿಟ್ಟಿಗಲ್ಲ ಕಣ್ಲಾ. ನಮ್ಮವ್ವ ಕೊಟ್ಟಿದ್ದ ಕಡಗ ಮಾರಿ ಕೊಟ್ಟಿವ್ನಿ. ದುಡ್ಕಂಡು ತಿನ್ನಾಕೆ ಒಂದು ಮಿಷಿನ್ ಕೇಳ್ದೊ. ಆಸೆ ಪಟ್ಟೋನು ನೀನು."

ಆ ಊರಿನಲ್ಲಿ ಪುಟ್ಟಮಲ್ಲಪ್ಪನನ್ನು ಏಕವಚನದಲ್ಲಿ ಮಾತಾಡಿಸಿದ ಮೊದಲ ಕೂಲಿ ಹೆಂಗಸು ಅವಳೇ. ಅವನ ಕಡೆಯ ಒಬ್ಬನೂ ಅವಳನ್ನು ಗದರಲಿಲ್ಲ. ಚಿಕ್ಕಣ್ಣ ಬೇಡಿ ಹಾಕಿದ.

* * *

ಟೋಪಿಯವನು ಸತ್ಯಮಂಗಲದಲ್ಲಿ ಸಿಕ್ಕಿಬಿದ್ದ. ಆ ಸುದ್ದಿ ಹೇಳಲು ಗಂಗಾಧರಸ್ವಾಮಿ ಮತ್ತೆ ಚಂದಕವಾಡಿಗೆ ಹೋದ. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ಎದ್ದು ಮುಖ ತೊಳೆದು, ವಿಭೂತಿ ಇಟ್ಟುಕೊಂಡು, ಸೆರಗು ಸರಿಮಾಡಿಕೊಂಡಳು.

"ಎಲ್ಲಿಗಕ್ಕ?"

"ನಾನು ಸೇರ್ಸಿದ ನಾಲ್ಕು ಮನೆಗೆ. ನೀನು ಕೇಳ್ದಲ್ಲ, ಹಿಂದಿನ ಸಾಲಿನೋರ್ಗೆ ಏನು ಅಂತ."

"ಬೈತಾರೆ ಅಕ್ಕ. ನಾನೂ ಬರ್ತೀನಿ."

"ಬೇಡ. ಪೊಲೀಸ್ನೋನು ಜೊತೆಗಿದ್ರೆ ಬಾಯ್ತುಂಬ ಬಯ್ಯಕಾಗಲ್ಲ ಅವರ್ಗೆ."

ಅವಳು ಬೀದಿಗಿಳಿದು ಮೊದಲ ಮನೆಯ ಬಾಗಿಲು ತಟ್ಟಿದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಒಂದು ಹೆಣ್ಣುದನಿ ಏರಿತು, ಬೀದಿಯೆಲ್ಲ ಕೇಳುವಷ್ಟು. ಗಂಗಾಧರಸ್ವಾಮಿ ಜಗಲಿಯ ಮೇಲೆ ಹಲ್ಲು ಕಚ್ಚಿಕೊಂಡು ಕೂತ. ಬೈಗುಳ ನಿಂತ ಮೇಲೆ ಅಕ್ಕ ಹೊರಗೆ ಬಂದಳು. ಅವನ ಕಡೆ ತಿರುಗಿಯೂ ನೋಡದೆ ಎರಡನೆಯ ಮನೆಯ ಕಡೆ ನಡೆದಳು.