ಹೊಟ್ಟೆ ಸೀಳಿದ ಷ

"ಪ," ಎಂದ ಅವನು ಎದೆಯುಬ್ಬಿಸಿ.

"ಅಲ್ಲ ರೀ, ಹೊಟ್ಟೆ ಸೀಳಿದ ಷ," ಎಂದಳು ಅವಳು. ಕಣ್ಣಾಸ್ಪತ್ರೆಯ ಮಬ್ಬುಗತ್ತಲೆಯ ಕೋಣೆಯಲ್ಲಿ ದೃಷ್ಟಿ ಅಳೆಯುವುದು ಅವಳ ಕೆಲಸ. "ಹೊಟ್ಟೆಯೊಳಗೆ ಸಣ್ಣ ಗೆರೆ ಇದೆ, ಕಾಣ್ಲಿಲ್ವಾ?"

"ಪಾಪ, ಹೊಟ್ಟೆ ಸೀಳಿದ್ರೂ ನೆಟ್ಟಗೆ ನಿಂತಿದೆ ನೋಡಿ ಟೀಚರ್! ನನಗೆ ಲೇಸರ್ ಅಂದ್ರೇನೇ ಕಾಲು ನಡುಗುತ್ತೆ."

ನಗು ತಡೆಯಲಾರದೆ ಅವಳು ಮುಖ ಆ ಕಡೆ ತಿರುಗಿಸಿದಳು.

"ದೂರದ್ದು ಕಾಣಲ್ಲ, ನಿಜ," ಎಂದ ಅವನು ಮೆಲ್ಲಗೆ. "ಹತ್ತಿರದ್ದು ಚೆನ್ನಾಗೇ ಕಾಣುತ್ತೆ."

ಆಸ್ಪತ್ರೆಯಲ್ಲಿ ಎಲ್ಲರೂ ಅವನನ್ನು ಪೈಲಟ್ ಎಂದೇ ಕರೆಯುತ್ತಿದ್ದರು. ಇನ್ನೂ ಆಗಿರಲಿಲ್ಲ. ವಾಯುಪಡೆಯ ಉಳಿದ ಪರೀಕ್ಷೆಗಳನ್ನೆಲ್ಲ ದಾಟಿದವನಿಗೆ ಕನ್ನಡಕ ಅಡ್ಡ ನಿಂತಿತ್ತು. ಲೇಸರ್ ಮಾಡಿಸಿಕೊಂಡು ಬರಬಹುದು ಎಂದಿದ್ದರು. ಆದರೆ ಆಮೇಲೆ ಅಲ್ಲಿಯ ವೈದ್ಯರು ಮತ್ತೆ ಪರೀಕ್ಷಿಸುತ್ತಾರೆ. ಕಣ್ಣಿನ ಮೇಲೆ ತುಸು ಮಬ್ಬು ಉಳಿದರೂ ವಿಮಾನದ ಆಸೆ ಅಲ್ಲಿಗೇ ಮುಗಿಯಿತು.

ಕನ್ನಡಕದ ನಂಬರ್ ಏರಿಳಿಯದೆ ನಿಂತಿದೆಯೇ ಎಂದು ನೋಡಿಸಲು ಅವನು ಮತ್ತೆ ಮತ್ತೆ ಬರಬೇಕಾಯಿತು. ನಂಬರ್ ನಿಂತಿತು. ಅವನ ಹೆಜ್ಜೆ ಸಪ್ಪಳ ಕೇಳಿದರೆ ಅವಳ ಮನಸ್ಸು ಮಾತ್ರ ನಿಂತಲ್ಲಿ ನಿಲ್ಲುತ್ತಿರಲಿಲ್ಲ.

ಲೇಸರ್ ದಿನ, ಹೊರಗಿನ ಬೆಂಚಿನಲ್ಲಿ ಕುಳಿತ ಅವನ ತಾಯಿ ಅವಳ ಕೈ ಹಿಡಿದುಕೊಂಡರು. "ಹೆದರಿಕೆ ಆದಷ್ಟೂ ತಮಾಷೆ ಮಾಡ್ತಾನಮ್ಮ ಇವನು. ಸುಮ್ಮನಾದ್ರೆ ಮಾತ್ರ ನೋಡ್ಕೋ."

ಒಳಗೆ ಅವನು ಮಲಗಿದ್ದ. ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿ, ರೆಪ್ಪೆ ಮುಚ್ಚದಂತೆ ಕ್ಲಿಪ್ ಇಟ್ಟಿದ್ದರು. ಅವಳು ತಲೆಯ ಬಳಿ ನಿಂತಳು.

"ಮಿಟುಕಿಸೋ ಹಾಗಿಲ್ಲ ಅಂತೀರಿ. ಟೀಚರ್‌ಗೆ ಕಣ್ಣು ಹೊಡೆಯೋದು ಹೇಗೆ?" ಎಂದ ಅವನು.

"ಹಸಿರು ದೀಪವನ್ನೇ ನೋಡ್ತಾ ಇರಿ," ಎಂದರು ಡಾಕ್ಟರಮ್ಮ.

ಯಂತ್ರ ಟಕಟಕ ಎಂದಿತು. ಕೂದಲು ಸುಟ್ಟಂಥ ವಾಸನೆ ಬಂತು.

"ದೀಪ ಹರಡ್ಕೊಳ್ತಿದೆ... ದೀಪ ಎಲ್ಲಿ?"

ಕಣ್ಣು ಹೊರಳಿತು. ಯಂತ್ರ ತಟ್ಟನೆ ನಿಂತಿತು.

ಕಣ್ಣು ಅಲುಗಿದರೆ ಅದು ತಾನೇ ನಿಲ್ಲುತ್ತದೆ, ಅಪಾಯವಿಲ್ಲ ಎಂದು ಅವಳೇ ಎಷ್ಟೋ ಜನಕ್ಕೆ ಹೇಳಿದ್ದಳು. ಇಂದು ಆ ಮಾತು ಅವಳಿಗೇ ನೆನಪಿಗೆ ಬರಲಿಲ್ಲ. ಅವನು ತಮಾಷೆ ಮಾಡಲಿಲ್ಲ. ಮಾತೇ ಆಡಲಿಲ್ಲ. ಮಂಚದ ಅಂಚು ಹಿಡಿದ ಅವನ ಬೆರಳುಗಳು ಬೆಳ್ಳಗಾಗಿದ್ದವು.

ಅವಳು ಅವನ ಕೈ ಹಿಡಿದುಬಿಟ್ಟಳು. "ಲೋ, ಎಲ್ಲೂ ಹೋಗ್ಬೇಡ ಕಣೋ. ನಾನಿಲ್ಲೇ ಇದ್ದೀನಿ. ಹಸಿರು ಎಲ್ಲಿತ್ತೋ ಅಲ್ಲೇ ನೋಡು."

ಮಾಸ್ಕಿನ ಮೇಲೆ ಡಾಕ್ಟರಮ್ಮನ ಹುಬ್ಬು ಏರಿತು. ಅವನ ಕಣ್ಣು ನಿಂತಿತು. ಯಂತ್ರ ಮತ್ತೆ ಟಕಟಕ ಎಂದಿತು.

ಮರುದಿನದಿಂದ ಅವಳು ಏನೂ ಆಗಿಲ್ಲವೆಂಬಂತೆ 'ನೀವು'ಗೆ ಮರಳಿದಳು. ಅವನ ಕಣ್ಣಿನ ಮಬ್ಬು ಮಾತ್ರ ಬೇಗ ಮರಳಿ ಹೋಗಲಿಲ್ಲ. ಬಂದಾಗಲೆಲ್ಲ ಅವನು ಮೇಲಿನ ಸಾಲುಗಳನ್ನು ಓದಿ, ಕೊನೆಯದಕ್ಕೆ ಬಂದು ತಡವರಿಸುತ್ತಿದ್ದ. ಓದಿದರೆ ವಾಯುಪಡೆಗೆ ಹೊರಟುಹೋಗುತ್ತಾನೆ. ಓದದಿದ್ದರೆ ಇಲ್ಲೇ ಉಳಿಯುತ್ತಾನೆ, ಆದರೆ ಆ ನಗು ಉಳಿಯುವುದಿಲ್ಲ. ಯಾವುದು ಆಗಲಿ ಎಂದು ಬೇಡಿಕೊಳ್ಳಬೇಕೋ ಅವಳಿಗೆ ತಿಳಿಯಲಿಲ್ಲ.

ವಾಯುಪಡೆಯ ವೈದ್ಯರನ್ನು ಕಾಣುವ ಮುನ್ನ ಕೊನೆಯ ಸಲ ಬಂದ. ಹಳೆಯ ಸಾಲು ಅವನಿಗೆ ಬಾಯಿಪಾಠವಾಗಿರಬಹುದೆಂದು ಅವಳು ಪರದೆಯ ಮೇಲೆ ಬೇರೆ ಅಕ್ಷರಗಳನ್ನು ತಂದಿದ್ದಳು.

"ಗ... ನ... ಲ... ರ..." ಕೊನೆಯ ಅಕ್ಷರದ ಮುಂದೆ ಅವನು ನಿಂತ.

"ಕಾಣ್ತಿಲ್ವಾ?" ಎಂದಳು ಅವಳು.

"ಕಾಣ್ತಿದೆ."

"ಮತ್ತೆ ಓದಿ."

"'ಓದಿ' ಅಂದ್ರೆ ಓದಲ್ಲ. ಲೇಸರ್ ದಿನದ ಹಾಗೆ ಹೇಳಿ."

"ಅದು... ಭಯಕ್ಕೆ ಬಾಯಿ ಜಾರಿದ್ದು."

"ಈಗ ಭಯ ಇಲ್ವಾ?"

"ಇದೆ," ಎಂದಳು. "ನೀವು ಹೊರಟುಹೋಗ್ತೀರಿ ಅಂತ."

ಅವನು ತಮಾಷೆ ಮಾಡಲಿಲ್ಲ. "ನನಗೂ ಇದೆ. ಮೇಲಿಂದ ನೋಡಿದ್ರೆ ಎಲ್ಲಾ ಮಬ್ಬಾಗಿಬಿಟ್ರೆ ಅಂತ. ಇಳಿಯೋ ಕಡೆ ಒಂದು ಹಸಿರು ದೀಪ ಇದ್ರೆ ಹೋಗಿ ಬಂದುಬಿಡ್ತೀನಿ. ಇರ್ತೀರಾ?"

ಅವಳು ಕಣ್ಣೊರೆಸಿಕೊಂಡಳು. ಪರದೆಯತ್ತ ಕೈ ತೋರಿಸಿದಳು.

"ಇರ್ತೀನಿ. ಮೊದಲು ಓದೋ."

"ಪ," ಎಂದ ಅವನು. "ಈ ಸಲ ನಿಜವಾಗ್ಲೂ ಪ ಕಣೇ. ಹೊಟ್ಟೆಯೊಳಗೆ ಗೆರೆ ಇಲ್ಲ."

ಇರಲಿಲ್ಲ.